ಹರಿವಿಗೆ ಎದುರಾದ ಕೆಂಪು ಗೇಟುಗಳು

ಕೂತು, ಎರಡು ಅಲಗಿನ ಹುಟ್ಟಿನಿಂದ ದೋಣಿ ನಡೆಸುವ ಒಲಿಂಪಿಕ್ಸ್‌ನ ಮಹಿಳೆಯರ ಕಯಾಕ್ ಸ್ಲಾಲಮ್ ನೋಡುವವರ ಕಣ್ಣಿಗೆ ಬೀಳುವುದು ಸುಮಾರು ನೂರು ಸೆಕೆಂಡುಗಳ ರಭಸ. ನೊರೆಯೆದ್ದು ಹರಿಯುವ ನೀರು, ಅದರ ಮೇಲೆ ತಂತಿಗಳಿಂದ ತೂಗುಬಿಟ್ಟ ಪಟ್ಟೆಪಟ್ಟೆಯ ಕೋಲುಗಳು, ಅವುಗಳ ನಡುವೆ ನುಸುಳುತ್ತ ಇಳಿಯುವ ಒಬ್ಬಳೇ ಸ್ಪರ್ಧಿ. ಪಕ್ಕದಲ್ಲಿ ಓಡುವ ಎದುರಾಳಿ ಯಾರೂ ಇಲ್ಲ. ಅವಳು ಸೋಲಿಸಬೇಕಾದದ್ದು ಪರದೆಯ ಮೂಲೆಯಲ್ಲಿ ಕಾಣುವ ಒಂದು ಅಂಕಿಯನ್ನು. ಆದರೆ ಈ ಓಟದ ಬಹುಪಾಲು ಕೆಲಸ ದೋಣಿ ನೀರಿಗಿಳಿಯುವ ಮೊದಲೇ ದಡದ ಮೇಲೆ ಮುಗಿದಿರುತ್ತದೆ ಎಂಬುದು ನನಗೆ ಈ ಕ್ರೀಡೆಯನ್ನು ಹಲವು ವರ್ಷ ಹಿಂಬಾಲಿಸಿದ ಮೇಲಷ್ಟೇ ಮನದಟ್ಟಾಯಿತು.

ಗೇಟು ಎಂದು ಕರೆಯುವ ಆ ಕೋಲುಗಳ ಜೋಡಿಗಳನ್ನು ಎಲ್ಲಿ ತೂಗುಬಿಡಬೇಕು ಎಂಬುದನ್ನು ಸ್ಪರ್ಧೆಗೆ ಸ್ವಲ್ಪ ಮುಂಚೆಯಷ್ಟೇ ತೀರ್ಮಾನಿಸಲಾಗುತ್ತದೆ. ಹಾಗೆ ಜೋಡಿಸಿದ ಮೇಲೆ ಸ್ಪರ್ಧಿಗಳಿಗೆ ಅದರಲ್ಲಿ ಅಭ್ಯಾಸ ಮಾಡುವ ಅವಕಾಶ ಇರುವುದಿಲ್ಲ. ಸ್ಪರ್ಧೆಯಲ್ಲಿಲ್ಲದ ಬೇರೆ ದೋಣಿಗಾರರು ಆ ಮಾರ್ಗವನ್ನು ಒಮ್ಮೆ ಇಳಿದು ತೋರಿಸುತ್ತಾರೆ; ಸ್ಪರ್ಧಿಗಳು ದಡದಲ್ಲಿ ನಡೆಯುತ್ತ, ನಿಲ್ಲುತ್ತ, ಮತ್ತೆ ಹಿಂದಕ್ಕೆ ಬಂದು ನೋಡುತ್ತ, ಅಷ್ಟೂ ಗೇಟುಗಳನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತಾರೆ. ಕೈಗಳನ್ನು ಗಾಳಿಯಲ್ಲಿ ಆಡಿಸುತ್ತ, ಸೊಂಟವನ್ನು ಅತ್ತಿತ್ತ ವಾಲಿಸುತ್ತ, ಕಣ್ಣು ಮುಚ್ಚಿಕೊಂಡು ನಿಂತ ಒಲಿಂಪಿಕ್ ಸ್ಪರ್ಧಿಯೊಬ್ಬಳನ್ನು ಕ್ಯಾಮೆರಾ ಎಲ್ಲೋ ಒಂದು ಕ್ಷಣ ತೋರಿಸಿ ಮುಂದೆ ಸಾಗುತ್ತದೆ. ಆ ಕ್ಷಣವನ್ನು ಇನ್ನಷ್ಟು ಹೊತ್ತು ತೋರಿಸಬೇಕಿತ್ತು ಎಂದು ಪ್ರತಿ ಸಲವೂ ನನಗನಿಸುತ್ತದೆ, ಏಕೆಂದರೆ ಅವಳು ಆಗಲೇ ನದಿಯಲ್ಲಿದ್ದಾಳೆ.

ನಿಯಮಗಳು ಕಠಿಣವೇನಲ್ಲ. ಮಾರ್ಗದಲ್ಲಿ 18ರಿಂದ 25 ಗೇಟುಗಳು ಇರುತ್ತವೆ. ಹಸಿರು ಗೇಟುಗಳನ್ನು ಹರಿವಿನ ಜೊತೆಗೆ ದಾಟಬೇಕು, ಕೆಂಪು ಗೇಟುಗಳನ್ನು ಹರಿವಿಗೆ ಎದುರಾಗಿ. ಕೋಲಿಗೆ ಹುಟ್ಟಾಗಲಿ, ದೋಣಿಯಾಗಲಿ, ಹೆಲ್ಮೆಟ್ಟಾಗಲಿ, ಭುಜವಾಗಲಿ ತಾಗಿದರೆ ಓಟದ ಸಮಯಕ್ಕೆ 2 ಸೆಕೆಂಡ್ ಕೂಡುತ್ತದೆ. ಗೇಟನ್ನೇ ತಪ್ಪಿಸಿದರೆ 50 ಸೆಕೆಂಡ್, ಅಂದರೆ ಪದಕದ ಆಸೆಯನ್ನು ಬಿಟ್ಟಂತೆಯೇ. ಸ್ಪರ್ಧಿಯ ತಲೆ ಪೂರ್ತಿಯಾಗಿ ಎರಡು ಕೋಲುಗಳ ನಡುವಿನ ಗೆರೆಯನ್ನು ಸರಿಯಾದ ದಿಕ್ಕಿನಲ್ಲಿ ದಾಟಿರಬೇಕು, ದೋಣಿಯ ಒಂದಿಷ್ಟು ಭಾಗವಾದರೂ ಜೊತೆಗಿರಬೇಕು; ಅಷ್ಟಾದರೆ ಆ ಗೇಟು ಮುಗಿದಂತೆ.

ಓಟದ ನಿಜವಾದ ಪರೀಕ್ಷೆ ನಡೆಯುವುದು ಕೆಂಪು ಗೇಟುಗಳಲ್ಲಿ. ಬಂಡೆಯ ಅಥವಾ ತಡೆಯ ಹಿಂಬದಿಯಲ್ಲಿ ನೀರು ಹಿಂದಕ್ಕೆ ಮರಳಿ, ಮುಖ್ಯ ಹರಿವಿಗೆ ವಿರುದ್ಧವಾಗಿ ಮೆಲ್ಲನೆ ಮೇಲಕ್ಕೆ ಸರಿಯುತ್ತಿರುತ್ತದೆ. ದೋಣಿಗಾರರು ಆ ಜಾಗವನ್ನು ಎಡ್ಡಿ ಎನ್ನುತ್ತಾರೆ. ಕೆಂಪು ಗೇಟು ಸಾಮಾನ್ಯವಾಗಿ ತೂಗುವುದು ಅಂಥ ಕಡೆ. ಸ್ಪರ್ಧಿ ಪೂರ್ಣ ವೇಗದಲ್ಲಿ ಕೆಳಗಿಳಿದು ಬರುತ್ತಾಳೆ. ಕೆಳಕ್ಕೆ ಓಡುವ ನೀರು ಮತ್ತು ಮೇಲಕ್ಕೆ ಮರಳುವ ನೀರು ಒಂದಕ್ಕೊಂದು ಉಜ್ಜುವ ಗೆರೆಯನ್ನು ಸರಿಯಾದ ಕೋನದಲ್ಲಿ ಸೀಳುತ್ತಾಳೆ. ತಿರುವಿನ ಒಳಬದಿಗೆ ದೋಣಿಯನ್ನು ಸೊಂಟದಿಂದಲೇ ವಾಲಿಸಿ, ಹುಟ್ಟಿನ ಒಂದು ಅಲಗನ್ನು ನೀರಿನಲ್ಲಿ ನೆಟ್ಟು, ಅದರ ಸುತ್ತ ಇಡೀ ದೋಣಿಯನ್ನು ತಿರುಗಿಸಿ, ಕೋಲಿಗೆ ತಾಗದಂತೆ ತಲೆಯನ್ನೂ ಭುಜವನ್ನೂ ಒಳಕ್ಕೆ ತೂರಿಸಿ, ಮರುಕ್ಷಣವೇ ಮತ್ತೆ ಹರಿವಿಗೆ ಮೂತಿಯೊಡ್ಡಿ ಹೊರಡುತ್ತಾಳೆ. ವಾಲುವುದು ಒಂದಿಷ್ಟು ಹೆಚ್ಚುಕಡಿಮೆಯಾದರೆ ದೋಣಿ ಮಗುಚುತ್ತದೆ. ಗೆರೆಯನ್ನು ಒಂದು ಮೀಟರ್ ತಡವಾಗಿ ಸೀಳಿದರೆ ಎಡ್ಡಿಯ ಕೆಳತುದಿಗೆ ಬಿದ್ದು, ಗೇಟಿಗೆ ತಲುಪಲು ನಾಲ್ಕೈದು ಹುಟ್ಟು ಹೆಚ್ಚಿಗೆ ಹಾಕಬೇಕಾಗುತ್ತದೆ. ಅಷ್ಟರಲ್ಲಿ ಚಿನ್ನ ಕಂಚಾಗಿರುತ್ತದೆ, ಕಂಚು ಆರನೆಯ ಸ್ಥಾನವಾಗಿರುತ್ತದೆ.

ದೋಣಿಯ ಅಳತೆಯೂ ಈ ತಿರುವುಗಳನ್ನು ಬದಲಿಸಿದೆ. ಹಿಂದೆ ಸ್ಲಾಲಮ್ ಕಯಾಕ್‌ನ ಕನಿಷ್ಠ ಉದ್ದ 4 ಮೀಟರ್ ಇತ್ತು. ಅಥೆನ್ಸ್ ಒಲಿಂಪಿಕ್ಸ್‌ನ ನಂತರ ಅದನ್ನು 3.5 ಮೀಟರಿಗೆ ಇಳಿಸಿದರು. ಗಿಡ್ಡ ದೋಣಿಯ ಹಿಂತುದಿಯನ್ನು ನೀರಿನಡಿಗೆ ಅದುಮಿ, ಮೂತಿಯನ್ನು ಗಾಳಿಗೆತ್ತಿ, ನಿಂತ ಜಾಗದಲ್ಲೇ ಗಿರಕ್ಕನೆ ತಿರುಗುವುದು ಸುಲಭವಾಯಿತು. ಹಳೆಯ ಓಟಗಳ ದೃಶ್ಯಗಳನ್ನೂ ಇಂದಿನವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ವ್ಯತ್ಯಾಸವೇ ಮೊದಲು ಕಾಣುತ್ತದೆ.

ಇನ್ನು ಆ 2 ಸೆಕೆಂಡಿನ ದಂಡ. 1996ರ ಒಲಿಂಪಿಕ್ಸ್ ನಡೆದಾಗ ಒಂದು ಸ್ಪರ್ಶಕ್ಕೆ 5 ಸೆಕೆಂಡ್ ಕೂಡುತ್ತಿತ್ತು. ಒಮ್ಮೆ ತಾಗಿದರೆ ಮುಂದಿನ ಓಟಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಅದನ್ನು 2ಕ್ಕೆ ಇಳಿಸಿದ್ದು ಈ ಕ್ರೀಡೆಗೆ ಸಿಕ್ಕ ಅತ್ಯುತ್ತಮ ತಿದ್ದುಪಡಿ ಎಂದು ನಾನು ಭಾವಿಸುತ್ತೇನೆ. ಕೋಲಿಗೆ ತೀರಾ ಒತ್ತಾಗಿ ತಿರುಗಿದರೆ ಅರ್ಧ ಸೆಕೆಂಡ್ ಉಳಿಯಬಹುದು, ತಾಗಿದರೆ ಎರಡು ಸೆಕೆಂಡ್ ಹೋಗುತ್ತದೆ. ಈ ಲೆಕ್ಕವನ್ನು ಸ್ಪರ್ಧಿ ಪ್ರತಿ ಗೇಟಿನಲ್ಲೂ, ಮುಖಕ್ಕೆ ನೀರು ರಾಚುತ್ತಿರುವಾಗ, ಯೋಚಿಸಲು ಪುರುಸೊತ್ತೇ ಇಲ್ಲದಂತೆ ಮಾಡಬೇಕು. ದಂಡ ಇನ್ನೂ ಹೆಚ್ಚಿದ್ದರೆ ಎಲ್ಲರೂ ದೂರದ ದಾರಿ ಹಿಡಿಯುತ್ತಿದ್ದರು. ಇನ್ನೂ ಕಡಿಮೆಯಿದ್ದರೆ ಎಲ್ಲರೂ ಕೋಲುಗಳನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಎರಡರಲ್ಲೂ ಇಂದು ನಾವು ನೋಡುವ ಓಟ ಇರುತ್ತಿರಲಿಲ್ಲ.

ಹೀಗಾಗಿ ಇದು ತೋಳ್ಬಲದ ಪರೀಕ್ಷೆಗಿಂತ ನಿರ್ಧಾರದ ಪರೀಕ್ಷೆ. ದಡದಲ್ಲಿ ಮಾಡಿಕೊಂಡ ಯೋಜನೆ ಮೂರನೆಯ ಗೇಟಿನಲ್ಲೇ ಕೆಡಬಹುದು, ಏಕೆಂದರೆ ನೀರು ಒಂದೇ ಬಗೆಯಲ್ಲಿ ಹರಿಯುವುದಿಲ್ಲ; ಒಂದು ಅಲೆ ಉಬ್ಬಿ ಬೀಳುವ ಹೊತ್ತಿಗೆ ಅಲ್ಲಿಗೆ ತಲುಪಿದವಳಿಗೂ, ಅದು ತಗ್ಗಿದ ಹೊತ್ತಿಗೆ ತಲುಪಿದವಳಿಗೂ ಸಿಗುವ ನದಿ ಬೇರೆಬೇರೆ. ಆಗ ಬೇಕಾದದ್ದು ಹಳೆಯ ಯೋಜನೆಯನ್ನು ಅರೆಕ್ಷಣದಲ್ಲಿ ಕೈಬಿಟ್ಟು ಹೊಸದನ್ನು ಹಿಡಿಯುವ ಬುದ್ಧಿ, ಕಳೆದುಹೋದ ಅರ್ಧ ಸೆಕೆಂಡಿನ ಬೆನ್ನು ಹತ್ತದ ಸಂಯಮ. ಅದು ವಯಸ್ಸಿನೊಡನೆ ಕುಂದುವ ಗುಣವಲ್ಲ. ಮಹಿಳೆಯರ ಕಯಾಕ್ ಸ್ಲಾಲಮ್‌ನ ಇತಿಹಾಸದಲ್ಲಿ ಇಷ್ಟೊಂದು ದೀರ್ಘವಾದ ಕ್ರೀಡಾಜೀವನಗಳು ಸಿಗುವುದಕ್ಕೆ ಇದೇ ಕಾರಣ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಮುಖ್ಯವಾಗಿ ಅದನ್ನೇ.

ಆ ಇತಿಹಾಸ ಆರಂಭವಾಗುವುದು 1972ರಲ್ಲಿ. ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಆಗ್ಸ್‌ಬರ್ಗ್ ನಗರದಲ್ಲಿ ಲೆಶ್ ನದಿಯ ನೀರನ್ನು ತಿರುಗಿಸಿ, ಕಾಂಕ್ರೀಟಿನ ಕಾಲುವೆಯೊಂದರಲ್ಲಿ ಬಿರುಸಿನ ಹರಿವನ್ನು ನಿರ್ಮಿಸಿದರು. ಐಸ್‌ಕನಾಲ್ ಎಂದು ಅದರ ಹೆಸರು. ಪೂರ್ವ ಜರ್ಮನಿಯವರು ಅದನ್ನು ನೋಡಿಕೊಂಡು ಹೋಗಿ ತಮ್ಮ ತ್ಸ್ವಿಕಾವ್ ನಗರದ ಬಳಿ ಅದರದೇ ಪ್ರತಿರೂಪವನ್ನು ಕಟ್ಟಿ, ಅಭ್ಯಾಸ ಮಾಡಿ ಬಂದು, ನಾಲ್ಕೂ ವಿಭಾಗಗಳ ಚಿನ್ನವನ್ನು ಗೆದ್ದರು. ಮಹಿಳೆಯರ ಕಯಾಕ್‌ನಲ್ಲಿ ಗೆದ್ದವರು ಏಂಜೆಲಿಕಾ ಬಾಮಾನ್. ಬೆಳ್ಳಿ, ಕಂಚು ಎರಡೂ ಪಶ್ಚಿಮ ಜರ್ಮನಿಯ ಪಾಲಾದವು. ಅದಾದ ಮೇಲೆ ಸ್ಲಾಲಮ್ ಒಲಿಂಪಿಕ್ಸ್‌ನಿಂದ ಇಪ್ಪತ್ತು ವರ್ಷ ಮಾಯವಾಯಿತು. ಇಂಥ ಕಾಲುವೆಯನ್ನು ಕಟ್ಟುವ ವೆಚ್ಚವೇ ಅದಕ್ಕೆ ದೊಡ್ಡ ಅಡ್ಡಿ. ಆ ಇಪ್ಪತ್ತು ವರ್ಷಗಳಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಗೆಲ್ಲುತ್ತಲೇ ಇದ್ದ, ಆದರೆ ಒಲಿಂಪಿಕ್ಸ್ ಕಾಣದೆಯೇ ನಿವೃತ್ತರಾದ ಒಂದು ಪೀಳಿಗೆಯನ್ನು ನೆನೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನ ಅಂಗವಾಗಿ ಲಾ ಸೆವು ದುರ್ಜೆಲ್ ಎಂಬ ಊರಿನಲ್ಲಿ, ಸೆಗ್ರೆ ನದಿಯ ಬದಿಯಲ್ಲಿ, ಈ ಸ್ಪರ್ಧೆ ಮರಳಿ ಬಂತು. ಜರ್ಮನಿಯ ಎಲಿಜಬೆತ್ ಮಿಷೆಲರ್ ಗೆದ್ದರು. ಮುಂದಿನ ಸಲ, 1996ರಲ್ಲಿ, ಅಟ್ಲಾಂಟಾ ಕ್ರೀಡಾಕೂಟದ ಸ್ಲಾಲಮ್ ನಡೆದದ್ದು ಟೆನೆಸಿ ರಾಜ್ಯದ ಒಕೋಯಿ ನದಿಯಲ್ಲಿ, ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ. ಅಲ್ಲಿ ಎರಡು ಓಟಗಳಲ್ಲಿ ಉತ್ತಮವಾದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಚೆಕ್ ಗಣರಾಜ್ಯದ ಶ್ಟೆಪಾಂಕಾ ಹಿಲ್ಗೆರ್ತೊವಾ ಮತ್ತು ಅಮೆರಿಕದ ಡಾನಾ ಹ್ಲಾಡೆಕ್ ಇಬ್ಬರ ಉತ್ತಮ ಓಟವೂ ನೂರರ ಒಂದಂಶ ಸೆಕೆಂಡಿನವರೆಗೂ ಸಮವಾಗಿ, ಇನ್ನೊಂದು ಓಟವನ್ನು ನೋಡಿ ಹಿಲ್ಗೆರ್ತೊವಾ ಅವರಿಗೆ ಚಿನ್ನ ಕೊಡಬೇಕಾಯಿತು. ಅವರು 2000ದಲ್ಲಿ ಸಿಡ್ನಿಯ ಪೆನ್ರಿತ್‌ನಲ್ಲಿ ಮತ್ತೆ ಚಿನ್ನ ಗೆದ್ದರು. 1992ರಿಂದ 2012ರವರೆಗೆ ಒಟ್ಟು ಆರು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು; ಲಂಡನ್‌ನಲ್ಲಿ ನೀರಿಗಿಳಿದಾಗ ಅವರಿಗೆ 44 ವರ್ಷ. ಅವರ ನಂತರ ಸ್ಲೊವಾಕಿಯಾದ ಎಲೆನಾ ಕಾಲಿಸ್ಕಾ 2004 ಮತ್ತು 2008ರಲ್ಲಿ ಎರಡು ಚಿನ್ನ ಗೆದ್ದರು.

ಈ ಹೆಸರುಗಳ ಸಾಲಿನಲ್ಲಿ ಗಮನಿಸಬೇಕಾದ ಒಂದು ಅನ್ಯಾಯವಿದೆ. 1972ರಿಂದ 2016ರವರೆಗೆ, ಸ್ಲಾಲಮ್ ಇದ್ದ ಪ್ರತಿಯೊಂದು ಒಲಿಂಪಿಕ್ಸ್‌ನಲ್ಲೂ ಪುರುಷರಿಗೆ ಮೂರು ವಿಭಾಗಗಳಿದ್ದವು. ಮಹಿಳೆಯರಿಗೆ ಇದ್ದದ್ದು ಕಯಾಕ್ ಒಂದೇ. ಮಂಡಿಯೂರಿ ಕೂತು ಒಂದೇ ಅಲಗಿನ ಹುಟ್ಟಿನಿಂದ ನಡೆಸುವ ಕೆನೂ ಹೆಣ್ಣುಮಕ್ಕಳಿಗೆ ಒಗ್ಗುವುದಿಲ್ಲ ಎಂಬಂತೆ ದಶಕಗಳ ಕಾಲ ನಡೆದುಕೊಂಡರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಕೆನೂಗೆ ಅಧಿಕೃತ ಪದಕ ಸಿಕ್ಕಿದ್ದು 2010ರಲ್ಲಿ; ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 2021ರಲ್ಲಿ, ಟೋಕಿಯೋದಲ್ಲಿ. ಜೊತೆಗೆ, ಈಗಿನ ನಿಯಮದಂತೆ ಕಯಾಕ್ ಸ್ಲಾಲಮ್‌ಗೆ ಒಂದು ದೇಶದಿಂದ ಒಬ್ಬಳೇ ಬರಬಹುದು. ಸಿಡ್ನಿಯಲ್ಲಿ ಫ್ರಾನ್ಸಿನ ಇಬ್ಬರು ಬೆಳ್ಳಿ, ಕಂಚು ಹಂಚಿಕೊಂಡಂಥ ದೃಶ್ಯ ಇಂದು ಸಾಧ್ಯವಿಲ್ಲ. ಒಂದೇ ಒಂದು ಸ್ಪರ್ಧೆ, ದೇಶಕ್ಕೆ ಒಂದೇ ಒಂದು ಸ್ಥಾನ, ನಾಲ್ಕು ವರ್ಷಕ್ಕೊಮ್ಮೆ ನೂರು ಸೆಕೆಂಡ್. ಇಷ್ಟು ಇಕ್ಕಟ್ಟಾದ ಬಾಗಿಲಿನ ಮುಂದೆ ಹತ್ತು, ಹದಿನೈದು, ಇಪ್ಪತ್ತು ವರ್ಷ ನಿಂತು ಕಾದ ಹೆಂಗಸರ ಕಥೆ ಇದು ಎನ್ನುವುದನ್ನು ಪದಕಪಟ್ಟಿ ಹೇಳುವುದಿಲ್ಲ.

ಅಂಥವರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಮಾಯಾಲೆನ್ ಚೊರ್ರಾವುತ್. 2012ರಲ್ಲಿ ಲಂಡನ್‌ನಲ್ಲಿ ಅವರಿಗೆ ಕಂಚು. ಮರುವರ್ಷ ಮಗಳು ಹುಟ್ಟಿದಳು. 2016ರಲ್ಲಿ ರಿಯೋದಲ್ಲಿ ಚಿನ್ನ, ಅದೂ ಎರಡನೆಯವರಿಗಿಂತ ಮೂರು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ. ಈ ಸ್ಪರ್ಧೆಯಲ್ಲಿ ಅಷ್ಟು ಅಂತರವೆಂದರೆ ಬಹಳ ದೊಡ್ಡದು. ಟೋಕಿಯೋದಲ್ಲಿ 38ನೇ ವಯಸ್ಸಿನಲ್ಲಿ ಬೆಳ್ಳಿ. ಮೂರು ಒಲಿಂಪಿಕ್ಸ್‌ಗಳಲ್ಲಿ ಮೂರು ಬಣ್ಣದ ಪದಕಗಳು. ಅವರ ಓಟಗಳನ್ನು ನೋಡುವಾಗ ಎದ್ದು ಕಾಣುವುದು ಅವಸರವಿಲ್ಲದಿರುವಿಕೆ. ಹುಟ್ಟನ್ನು ಬೇರೆಯವರಿಗಿಂತ ಹೆಚ್ಚು ಸಲ ಹಾಕುವುದರಿಂದ ಅವರು ವೇಗ ಗಳಿಸುವುದಿಲ್ಲ. ನೀರು ತಾನೇ ದೋಣಿಯನ್ನು ಒಯ್ಯುವ ದಾರಿಯನ್ನು ಹುಡುಕಿಕೊಂಡು, ಅದರಲ್ಲಿ ಕೂತು, ಬೇಕಾದಲ್ಲಿ ಮಾತ್ರ ತಮ್ಮ ಶಕ್ತಿಯನ್ನು ಖರ್ಚು ಮಾಡುತ್ತಾರೆ. ರಿಯೋದಲ್ಲಿ ಅವರ ಹಿಂದೆ ಬೆಳ್ಳಿ ಗೆದ್ದ ನ್ಯೂಜಿಲೆಂಡಿನ ಲೂಕಾ ಜೋನ್ಸ್ ಅವರಿಗೂ ಅದು ಮೂರನೆಯ ಒಲಿಂಪಿಕ್ಸ್ ಆಗಿತ್ತು.

ಆದರೂ ಈ ಸ್ಪರ್ಧೆಯ ಸ್ವಭಾವವನ್ನು ಅರಿಯಬೇಕೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆಸ್ಟ್ರೇಲಿಯಾದ ಜೆಸ್ಸಿಕಾ ಫಾಕ್ಸ್ ಅವರ ನಾಲ್ಕು ಫೈನಲ್‌ಗಳನ್ನು. ಅವರು ಹುಟ್ಟಿದ್ದು 1994ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ. ತಂದೆ ರಿಚರ್ಡ್ ಫಾಕ್ಸ್ ಬ್ರಿಟನ್ನಿನ ಪರವಾಗಿ ಕಯಾಕ್‌ನಲ್ಲಿ ಐದು ಬಾರಿ ವೈಯಕ್ತಿಕ ವಿಶ್ವ ಚಾಂಪಿಯನ್ ಆದವರು. ತಾಯಿ ಮಿರಿಯಮ್ ಜೆರುಸಲ್ಮಿ ಫ್ರಾನ್ಸಿನ ಪರವಾಗಿ 1996ರಲ್ಲಿ ಅದೇ ಒಕೋಯಿ ನದಿಯಲ್ಲಿ ಕಂಚು ಗೆದ್ದವರು. ಆಗ ಜೆಸ್ಸಿಕಾಗೆ ಎರಡು ವರ್ಷ. ಮುಂದೆ ಕುಟುಂಬ ಆಸ್ಟ್ರೇಲಿಯಾಕ್ಕೆ ಹೋಗಿ ಪೆನ್ರಿತ್‌ನ ಕಾಲುವೆಯ ಬಳಿ ನೆಲೆಸಿತು, ತಾಯಿಯೇ ಮಗಳ ತರಬೇತುದಾರರಾದರು. ಇಂಥ ಮನೆಯಲ್ಲಿ ಹುಟ್ಟಿದವಳಿಗೆ ಪದಕ ಸುಲಭ ಎನ್ನುವವರಿದ್ದಾರೆ. ಅವರು ಮುಂದಿನ ಹನ್ನೆರಡು ವರ್ಷಗಳನ್ನು ನೋಡಬೇಕು.

2012ರಲ್ಲಿ ಲಂಡನ್‌ನ ಲೀ ವ್ಯಾಲಿಯಲ್ಲಿ ಹದಿನೆಂಟರ ಜೆಸ್ಸಿಕಾ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫ್ರಾನ್ಸಿನ ಎಮಿಲಿ ಫೆರ್ ಅವರಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರ. 2016ರಲ್ಲಿ ಕಂಚು. ನಡುವೆ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಹಲವು ಸಲ ಗೆದ್ದು, ಈ ಕ್ರೀಡೆ ಕಂಡ ಶ್ರೇಷ್ಠ ಸ್ಪರ್ಧಿ ಎನಿಸಿಕೊಂಡಿದ್ದರು. ಒಲಿಂಪಿಕ್ ಚಿನ್ನ ಮಾತ್ರ ಇರಲಿಲ್ಲ. 2021ರ ಜುಲೈ 27ರಂದು ಟೋಕಿಯೋದ ಕಸಾಯಿ ಕಾಲುವೆಯಲ್ಲಿ ಅವರು ಫೈನಲ್‌ನ ಕೊನೆಯ ಸ್ಪರ್ಧಿಯಾಗಿ ಇಳಿದರು. ಸೆಮಿಫೈನಲ್‌ನಲ್ಲಿ ಅತಿ ವೇಗವಾಗಿ ಬಂದವರು ಫೈನಲ್‌ನಲ್ಲಿ ಕೊನೆಗೆ ಇಳಿಯುವುದು ಆಗಿನ ಪದ್ಧತಿ. ಜರ್ಮನಿಯ ರಿಕಾರ್ಡಾ ಫುಂಕ್ 105.50 ಸೆಕೆಂಡಿನಲ್ಲಿ ಮುಂದಿದ್ದರು, ಚೊರ್ರಾವುತ್ 106.63ರಲ್ಲಿ ಎರಡನೆಯವರು. ಜೆಸ್ಸಿಕಾ ಅಂತಿಮ ಗೆರೆ ದಾಟಿದಾಗ ಬಂದ ಅಂಕಿ 106.73. ಅದರಲ್ಲಿ 4 ಸೆಕೆಂಡ್ ದಂಡ, ಎರಡು ಕೋಲುಗಳಿಗೆ ತಾಗಿದ್ದಕ್ಕೆ. ನೀರಿನ ಮೇಲೆ ಅವರಿಗಿಂತ ವೇಗವಾಗಿ ಬಂದವರು ಆ ದಿನ ಯಾರೂ ಇರಲಿಲ್ಲ. ಆದರೂ ಅವರಿಗೆ ಸಿಕ್ಕಿದ್ದು ಕಂಚು, ಅದೂ ಬೆಳ್ಳಿಗಿಂತ ಹತ್ತನೇ ಒಂದು ಸೆಕೆಂಡಿನಿಂದ ಹಿಂದುಳಿದು.

ಇದನ್ನು ಕ್ರೂರ ಎನ್ನುವವರೊಡನೆ ನಾನು ಒಪ್ಪುವುದಿಲ್ಲ. ಕೋಲು ಅಲ್ಲಿತ್ತು, ಎಲ್ಲರಿಗೂ ಅಲ್ಲೇ ಇತ್ತು. ಫುಂಕ್ ತಮ್ಮ ಓಟದಲ್ಲಿ ಒಂದನ್ನೂ ಮುಟ್ಟದೆ ಬಂದರು, ಆ ಚಿನ್ನ ಪೂರ್ತಿಯಾಗಿ ಅವರದೇ. ಆದರೆ ಎರಡು ದಿನಗಳ ನಂತರ ಜೆಸ್ಸಿಕಾ ಅದೇ ನೀರಿಗೆ ಮರಳಿ, ಮಹಿಳೆಯರ ಕೆನೂವಿನ ಮೊಟ್ಟಮೊದಲ ಒಲಿಂಪಿಕ್ ಚಿನ್ನವನ್ನು ಗೆದ್ದದ್ದು ನನ್ನನ್ನು ಕಯಾಕ್‌ನ ಆ ಸೋಲಿಗಿಂತ ಹೆಚ್ಚು ಕಾಡಿದೆ. 48 ಗಂಟೆಗಳಲ್ಲಿ ಮನಸ್ಸನ್ನು ಹಾಗೆ ತೊಳೆದುಕೊಳ್ಳುವುದು ಮೂರನೆಯ ಗೇಟಿನಲ್ಲಿ ಕಳೆದ ಅರ್ಧ ಸೆಕೆಂಡನ್ನು ನಾಲ್ಕನೆಯ ಗೇಟಿಗೆ ಹೊತ್ತೊಯ್ಯದ ಆ ಗುಣದ್ದೇ ಇನ್ನೊಂದು ರೂಪ.

2024ರ ಜುಲೈ 28ರಂದು ಪ್ಯಾರಿಸ್ ಬಳಿಯ ವೇರ್–ಸುರ್–ಮಾರ್ನ್‌ನಲ್ಲಿ ಜೆಸ್ಸಿಕಾ ಒಂದೂ ಕೋಲಿಗೆ ತಾಗದೆ 96.08 ಸೆಕೆಂಡಿನಲ್ಲಿ ಇಳಿದರು. ಪೋಲೆಂಡಿನ ಕ್ಲೌಡಿಯಾ ಜ್ವೊಲಿನ್‌ಸ್ಕಾ 97.53, ಬ್ರಿಟನ್ನಿನ ಕಿಂಬರ್ಲಿ ವುಡ್ಸ್ 98.94. ಟೋಕಿಯೋದ ಚಾಂಪಿಯನ್ ಫುಂಕ್ ಒಂದು ಗೇಟನ್ನು ತಪ್ಪಿಸಿ, 50 ಸೆಕೆಂಡಿನ ಹೊರೆ ಹೊತ್ತು, ಪದಕದಿಂದ ಬಹುದೂರ ಉಳಿದರು. ವುಡ್ಸ್ ಅವರ ಕಂಚಿನ ಬಗ್ಗೆ ಹೆಚ್ಚು ಯಾರೂ ಬರೆಯಲಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ: ಟೋಕಿಯೋದ ಫೈನಲ್‌ನಲ್ಲಿ ಹತ್ತು ಮಂದಿಯಲ್ಲಿ ಹತ್ತನೆಯವರಾಗಿದ್ದವರು ಅವರು. ಮೂರು ವರ್ಷದಲ್ಲಿ ಬಹಳ ದೂರ ಬಂದಿದ್ದರು. ಕೆಲವೇ ದಿನಗಳಲ್ಲಿ ಜೆಸ್ಸಿಕಾ ಕೆನೂ ಚಿನ್ನವನ್ನೂ ಉಳಿಸಿಕೊಂಡರು. ಅವರ ತಂಗಿ ನೊಯೆಮಿ ಫಾಕ್ಸ್ ಹೊಸದಾಗಿ ಸೇರಿದ ಕಯಾಕ್ ಕ್ರಾಸ್‌ನಲ್ಲಿ ಚಿನ್ನ ಗೆದ್ದರು. ಅಲ್ಲಿ ನಾಲ್ವರು ಒಟ್ಟಿಗೆ ಇಳಿಯುತ್ತಾರೆ, ದೋಣಿಗಳು ಡಿಕ್ಕಿ ಹೊಡೆಯುತ್ತವೆ, ಜನರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಅದನ್ನು ನಾನು ದ್ವೇಷಿಸುವುದಿಲ್ಲ, ಆದರೆ ಒಬ್ಬಳೇ ನೀರಿನೊಡನೆ ಮುಖಾಮುಖಿಯಾಗುವ ಹಳೆಯ ಸ್ಪರ್ಧೆಯ ಜಾಗವನ್ನು ಅದು ಎಂದೂ ಕಬಳಿಸಬಾರದು.

ಪ್ರಸಾರದ ರೀತಿಯ ಬಗ್ಗೆಯೂ ಒಂದು ಮಾತು. ಪರದೆಯಲ್ಲಿ ಮಧ್ಯಂತರದ ಸಮಯ ಕೆಂಪಾಗಿಯೋ ಹಸಿರಾಗಿಯೋ ಮೂಡುತ್ತದೆ, ವೀಕ್ಷಕರು ಅದನ್ನೇ ನಂಬುತ್ತಾರೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಅರ್ಧ ಸೆಕೆಂಡ್ ಹಿಂದಿರುವವಳು ಕೆಳಗಿನ ಕಠಿಣವಾದ ಗೇಟುಗಳಿಗೆಂದು ಉಸಿರನ್ನು ಉಳಿಸಿಕೊಂಡಿರಬಹುದು; ಮುಂದಿರುವವಳು ಆಗಲೇ ದಣಿದಿರಬಹುದು. ಯಾವ ಎಡ್ಡಿಯಲ್ಲಿ ಯಾರು ಎಷ್ಟು ಮೇಲಕ್ಕೆ ಪ್ರವೇಶಿಸಿದರು ಎಂಬುದನ್ನು ಇಬ್ಬರ ಓಟಗಳನ್ನು ಒಂದರ ಮೇಲೊಂದಿಟ್ಟು ತೋರಿಸಿದರೆ ಮೊದಲ ಬಾರಿ ನೋಡುವವರಿಗೂ ಈ ಸ್ಪರ್ಧೆ ಒಂದೇ ಸಂಜೆಯಲ್ಲಿ ತೆರೆದುಕೊಳ್ಳುತ್ತದೆ.

2028ರ ಕ್ರೀಡಾಕೂಟ ಲಾಸ್ ಏಂಜಲೀಸ್‌ನಲ್ಲಿ ನಡೆಯಲಿದ್ದರೂ, ಸ್ಲಾಲಮ್ ಅಲ್ಲಿಂದ ಬಹುದೂರದ ಒಕ್ಲಹೋಮ ಸಿಟಿಯಲ್ಲಿ, ಈಗಾಗಲೇ ಇರುವ ಕಾಲುವೆಯಲ್ಲಿ ನಡೆಯುತ್ತದೆ. ಆತಿಥೇಯ ನಗರದಿಂದ ಇಷ್ಟು ದೂರ ಹೋದರೆ ಸ್ಪರ್ಧಿಗಳಿಗೆ ಒಲಿಂಪಿಕ್ಸ್‌ನ ವಾತಾವರಣ ಸಿಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾಂಕ್ರೀಟಿನ ವೆಚ್ಚಕ್ಕೆ ಹೆದರಿ ಸ್ಪರ್ಧೆಯನ್ನೇ ಕೈಬಿಟ್ಟ ಆ ಇಪ್ಪತ್ತು ವರ್ಷಗಳ ಚರಿತ್ರೆ ಗೊತ್ತಿರುವ ನಾನು ಈ ತೀರ್ಮಾನವನ್ನು ಸ್ವಾಗತಿಸುತ್ತೇನೆ. ಇರುವ ಕಾಲುವೆ ಎಲ್ಲಿದೆಯೋ ಅಲ್ಲಿಗೇ ಸ್ಪರ್ಧೆ ಹೋಗಲಿ, ಒಂದು ವಿಭಾಗವೂ ಕಡಿಮೆಯಾಗದಿರಲಿ.